ಇನಿಟ್‌ರಾಮ್‌ಎಫ್‌ಎಸ್ ಅಳಿಸಿದರೆ ಲಿನಕ್ಸ್ ಕಂಪ್ಯೂಟರ್ ಬೇಗ ಶುರುವಾಗುತ್ತದೆಯೇ?

"ನಿಮ್ಮ ಲಿನಕ್ಸ್ ಕಂಪ್ಯೂಟರ್ ಆನ್ ಆಗೋಕೆ ತುಂಬಾ ಹೊತ್ತು ತಗೊಳ್ತಿದೆಯಾ? ಬೂಟ್ ಫೋಲ್ಡರಿನಲ್ಲಿ ಇನಿಟ್‌ಆರ್‌ಡಿ ಅನ್ನೋ ದೊಡ್ಡ ಫೈಲ್ ಇರುತ್ತೆ, ಅಳಿಸಿಬಿಡಿ. ಅದು ಬರೀ ಜಾಗ ತಿನ್ನುತ್ತೆ. ಆಮೇಲೆ ಸ್ಪೀಡ್ ನೋಡಿ!"

ಈ ಧಾಟಿಯ ಸಲಹೆಗಳು ವಾಟ್ಸ್‌ಆಪ್ ಗುಂಪುಗಳಲ್ಲಿ, ವಿಡಿಯೊಗಳ ಕೆಳಗಿನ ಕಮೆಂಟುಗಳಲ್ಲಿ ಆಗಾಗ ಕಣ್ಣಿಗೆ ಬೀಳುವುದುಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಆಗದ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಉಬುಂಟು, ಮಿಂಟ್‌ನಂತಹ ಲಿನಕ್ಸ್ ಒಂದು ಒಳ್ಳೆಯ ದಾರಿ. ಹೀಗೆ ಹೊಸದಾಗಿ ಲಿನಕ್ಸಿಗೆ ಬಂದವರು ಈ ಸಲಹೆಯನ್ನು ನಂಬಿ ಫೈಲ್ ಅಳಿಸಿದರೆ, ಮರುದಿನ ಕಂಪ್ಯೂಟರ್ ಶುರುವೇ ಆಗದಿರಬಹುದು. ಆಗ ಗಾಬರಿಯಲ್ಲಿ "ಫಾರ್ಮ್ಯಾಟ್ ಮಾಡಿಕೊಡಿ" ಎಂದು ಅಂಗಡಿಗೆ ಒಯ್ದರೆ ಫೋಟೊ, ದಾಖಲೆ, ಮಕ್ಕಳ ಪ್ರಾಜೆಕ್ಟು ಎಲ್ಲವೂ ಹೋಗುತ್ತದೆ.

ಹಾಗಾದರೆ ಈ ಸಲಹೆ ಪೂರ್ತಿ ಸುಳ್ಳೇ?

ಚುಟುಕಾದ ಉತ್ತರ: ಇಲ್ಲ, ಅರ್ಧ ನಿಜ. ಇನಿಟ್‌ರಾಮ್‌ಎಫ್‌ಎಸ್ ಇಲ್ಲದೆಯೂ ಲಿನಕ್ಸ್ ಶುರುವಾಗಬಲ್ಲದು. ಕೋಟ್ಯಂತರ ಸಾಧನಗಳು ಹಾಗೆಯೇ ಶುರುವಾಗಿವೆ, ಅವುಗಳಲ್ಲಿ ಆಂಡ್ರಾಯ್ಡ್ ಫೋನುಗಳೂ ಸೇರಿವೆ. ಆದರೆ ಅದಕ್ಕೆ ಮೊದಲೇ ತಯಾರಿ ಬೇಕು. ತಯಾರಿ ಇಲ್ಲದೆ ಆ ಫೈಲನ್ನು ಅಳಿಸುವುದು ಬೇರೆ, ಅದು ಬೇಡದ ಹಾಗೆ ಕಂಪ್ಯೂಟರನ್ನು ಸಿದ್ಧಪಡಿಸುವುದು ಬೇರೆ. ವೇಗ ಎಷ್ಟು ಹೆಚ್ಚುತ್ತದೆ ಎಂದರೆ, ನೀವು ಅಂದುಕೊಂಡಷ್ಟು ಅಲ್ಲ.

ಹೆಸರು ಉದ್ದವಾಗಿರುವುದರಿಂದ ಮುಂದೆ ಇದನ್ನು ಚಿಕ್ಕದಾಗಿ "ಇನಿಟ್‌ರಾಮ್" ಎಂದು ಕರೆಯೋಣ.

ಪವರ್ ಬಟನ್ ಒತ್ತಿದ ಮೇಲೆ ಏನಾಗುತ್ತದೆ?

ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನಲ್ಲೇ ಇರುವ ಒಂದು ಪುಟ್ಟ ತಂತ್ರಾಂಶ. ಹಳೆಯ ಕಂಪ್ಯೂಟರುಗಳಲ್ಲಿ ಇದನ್ನು ಬಯಾಸ್ ಎನ್ನುತ್ತಾರೆ, ಹೊಸದರಲ್ಲಿ ಯುಇಎಫ್‌ಐ. ಮೆಮೊರಿ, ಕೀಬೋರ್ಡ್, ಡಿಸ್ಕ್ ಎಲ್ಲ ಇವೆಯೇ ಎಂದು ನೋಡಿಕೊಂಡು ಇದು ಬೂಟ್‌ಲೋಡರ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಕೆಲಸ ಒಪ್ಪಿಸುತ್ತದೆ. ಲಿನಕ್ಸಿನಲ್ಲಿ ಹೆಚ್ಚಾಗಿ ಕಾಣುವ ಬೂಟ್‌ಲೋಡರಿನ ಹೆಸರು ಗ್ರಬ್.

ಗ್ರಬ್ ಎರಡು ಫೈಲುಗಳನ್ನು ಡಿಸ್ಕಿನಿಂದ ಎತ್ತಿ ಮೆಮೊರಿಯಲ್ಲಿ ಇಡುತ್ತದೆ. ಒಂದು ಕರ್ನೆಲ್, ಅಂದರೆ ಲಿನಕ್ಸಿನ ತಿರುಳು. ಇನ್ನೊಂದೇ ನಮ್ಮ ಇನಿಟ್‌ರಾಮ್. ಇಲ್ಲಿಂದ ಮುಂದೆ ಯಜಮಾನಿಕೆ ಕರ್ನೆಲ್ಲಿನದು.

ಕರ್ನೆಲ್ ಮಾಡಬೇಕಾದ ದೊಡ್ಡ ಕೆಲಸ, ನಿಮ್ಮ ಫೈಲುಗಳೆಲ್ಲ ಇರುವ ಮುಖ್ಯ ಪಾರ್ಟಿಷನ್ನನ್ನು ಹುಡುಕಿ ತೆರೆಯುವುದು. ಲಿನಕ್ಸಿನಲ್ಲಿ ಇದಕ್ಕೆ "ರೂಟ್ ಫೈಲ್‌ಸಿಸ್ಟಮ್" ಎಂಬ ಹೆಸರು. ಅದು ತೆರೆದುಕೊಂಡರೆ ಅದರೊಳಗಿನ "ಇನಿಟ್" ಎಂಬ ಮೊದಲ ಪ್ರೋಗ್ರಾಂ ಶುರುವಾಗುತ್ತದೆ. ಅದು ಉಳಿದದ್ದನ್ನೆಲ್ಲ ಶುರುಮಾಡಿ ನಿಮಗೆ ಲಾಗಿನ್ ಪರದೆ ತೋರಿಸುತ್ತದೆ.

ಬೀಗದ ಕೈ ಪೆಟ್ಟಿಗೆಯೊಳಗೇ ಇದ್ದರೆ?

ತೊಡಕು ಇರುವುದು ಇಲ್ಲೇ. ಡಿಸ್ಕನ್ನು ಓದಬೇಕಾದರೆ ಆ ಡಿಸ್ಕಿನ ಡ್ರೈವರ್ ಬೇಕು. ಲಿನಕ್ಸ್ ಸಾವಿರಾರು ಬಗೆಯ ಹಾರ್ಡ್‌ವೇರಿನ ಮೇಲೆ ಓಡುತ್ತದೆ. ಎಲ್ಲ ಡ್ರೈವರುಗಳನ್ನೂ ಕರ್ನೆಲ್ಲಿನೊಳಗೇ ತುಂಬಿದರೆ ಅದು ವಿಪರೀತ ಉಬ್ಬುತ್ತದೆ. ಆದ್ದರಿಂದ ಬಹಳಷ್ಟು ಡ್ರೈವರುಗಳನ್ನು "ಮಾಡ್ಯೂಲ್" ಎಂಬ ಬಿಡಿ ಫೈಲುಗಳಾಗಿ ಮಾಡಿ ಡಿಸ್ಕಿನಲ್ಲಿ ಇಡುತ್ತಾರೆ. ಬೇಕಾದಾಗ ಬೇಕಾದದ್ದನ್ನು ಮಾತ್ರ ಕರೆಸಿಕೊಳ್ಳಬಹುದು.

ಆದರೆ ಡಿಸ್ಕಿನ ಡ್ರೈವರೇ ಡಿಸ್ಕಿನಲ್ಲಿದ್ದರೆ? ಡ್ರೈವರ್ ಬೇಕೆಂದರೆ ಡಿಸ್ಕ್ ಓದಬೇಕು, ಡಿಸ್ಕ್ ಓದಬೇಕೆಂದರೆ ಡ್ರೈವರ್ ಬೇಕು. ಹುಚ್ಚು ಬಿಡುವವರೆಗೂ ಮದುವೆಯಾಗದು, ಮದುವೆಯಾಗುವವರೆಗೂ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ. ಪೆಟ್ಟಿಗೆಗೆ ಬೀಗ ಬಿದ್ದಿದೆ, ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಿದೆ.

ಇನಿಟ್‌ರಾಮ್ ಎಂದರೆ ಪೆಟ್ಟಿಗೆಯ ಹೊರಗೆ ಇಟ್ಟ ಬೀಗದ ಕೈ ಗೊಂಚಲು. ಬೇಕಾಗಬಹುದಾದ ಡ್ರೈವರುಗಳು, ಒಂದಷ್ಟು ಪುಟ್ಟ ಸಲಕರಣೆಗಳು, ಯಾವುದನ್ನು ಯಾವಾಗ ಬಳಸಬೇಕು ಎಂದು ಹೇಳುವ ಒಂದು ಸ್ಕ್ರಿಪ್ಟು, ಇಷ್ಟನ್ನೂ ಒತ್ತಿ ಕಟ್ಟಿದ ಒಂದು ಗಂಟು. ಗ್ರಬ್ ಅದನ್ನು ಕರ್ನೆಲ್ಲಿನ ಜೊತೆಗೇ ಮೆಮೊರಿಗೆ ತಂದು ಇಟ್ಟಿರುತ್ತದೆ. ಕರ್ನೆಲ್ ಗಂಟನ್ನು ರಾಮ್‌ನಲ್ಲಿಯೇ ಬಿಚ್ಚಿ, ಸರಿಯಾದ ಡ್ರೈವರ್ ಹಾಕಿಕೊಂಡು, ನಿಜವಾದ ಡಿಸ್ಕನ್ನು ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಆ ಮೆಮೊರಿ ಬಿಡುಗಡೆಯಾಗುತ್ತದೆ. ನೀವು ಲಾಗಿನ್ ಆಗುವ ಹೊತ್ತಿಗೆ ಅದು ಇತ್ತೆಂಬ ಸುಳಿವೂ ಉಳಿದಿರುವುದಿಲ್ಲ. "ಇದರಿಂದ ಏನೂ ಉಪಯೋಗವಿಲ್ಲ" ಎಂಬ ಮಾತು ಹುಟ್ಟಲು ಇದೂ ಒಂದು ಕಾರಣವಿರಬಹುದು.

ಈ ಏರ್ಪಾಡು ಬಂದದ್ದು ಯಾವಾಗ?

ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಮೊದಲ ಲಿನಕ್ಸ್ ಬಿಡುಗಡೆ ಮಾಡಿದಾಗ ಇದು ಇರಲಿಲ್ಲ. ಡಿಸ್ಕಿನ ಡ್ರೈವರ್ ಕರ್ನೆಲ್ಲಿನೊಳಗೇ ಇರುತ್ತಿತ್ತು. ಹಾರ್ಡ್‌ವೇರಿನ ಬಗೆಗಳು ಹೆಚ್ಚಿದಂತೆ, 1990ರ ದಶಕದ ಮಧ್ಯದಲ್ಲಿ ಇನಿಟ್‌ಆರ್‌ಡಿ ಎಂಬ ಏರ್ಪಾಡು ಬಂತು. ವರ್ನರ್ ಆಲ್ಮೆಸ್‌ಬರ್ಗರ್ ಮತ್ತು ಹಾನ್ಸ್ ಲೆರ್ಮೆನ್ ಇದರ ಬಗ್ಗೆ ಬರೆದ ವಿವರಣೆ ಇಂದಿಗೂ ಕರ್ನೆಲ್ಲಿನ ಜೊತೆಗೇ ಬರುತ್ತದೆ. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರೊಂದಿಗೆ ಇನ್ನೂ ಸರಳವಾದ ಇನಿಟ್‌ರಾಮ್‌ಎಫ್‌ಎಸ್ ಬಂತು. ಇಂದಿಗೂ ಉಬುಂಟುವಿನಲ್ಲಿ ಫೈಲಿನ ಹೆಸರು ಮಾತ್ರ ಹಳೆಯ ಇನಿಟ್‌ಆರ್‌ಡಿ ಎಂದೇ ಇದೆ. ಒಳಗಿರುವುದು ಹೊಸ ಬಗೆಯದು.

ಒಂದು ತಮಾಷೆಯ ಸಂಗತಿ ಇದೆ. 2.6ರ ನಂತರದ ಪ್ರತಿ ಕರ್ನೆಲ್ಲಿನೊಳಗೂ ಒಂದು ಇನಿಟ್‌ರಾಮ್ ಇದ್ದೇ ಇರುತ್ತದೆ. ಯಾರೂ ಏನೂ ತುಂಬದಿದ್ದರೆ ಅದು ಖಾಲಿ ಗಂಟು. ಎಕ್ಸ್86 ಕಂಪ್ಯೂಟರುಗಳಲ್ಲಿ ಅದರ ಗಾತ್ರ ಬರೀ 134 ಬೈಟು ಎಂದು ಕರ್ನೆಲ್ಲಿನ ದಾಖಲೆಯೇ ಹೇಳುತ್ತದೆ. ಕರ್ನೆಲ್ ಆ ಗಂಟಿನಲ್ಲಿ "ಇನಿಟ್" ಎಂಬ ಪ್ರೋಗ್ರಾಂ ಇದೆಯೇ ಎಂದು ನೋಡುತ್ತದೆ. ಇದ್ದರೆ ಅದನ್ನು ಓಡಿಸುತ್ತದೆ. ಇಲ್ಲದಿದ್ದರೆ ಹಳೆಯ ಪದ್ಧತಿಯಂತೆ ತಾನೇ ಡಿಸ್ಕ್ ಹುಡುಕಲು ಹೊರಡುತ್ತದೆ. "ಇನಿಟ್‌ರಾಮ್ ಇಲ್ಲದೆ ಬೂಟ್ ಮಾಡುವುದು" ಎಂದರೆ ನಿಜಕ್ಕೂ ಈ ಎರಡನೆಯ ದಾರಿ.

ಹಾಗೆ ನಡೆಯುವ ಸಾಧನಗಳು ಯಾವುವು?

ಹಾರ್ಡ್‌ವೇರ್ ಯಾವುದು ಎಂದು ಮೊದಲೇ ಖಚಿತವಾಗಿ ಗೊತ್ತಿರುವ ಕಡೆ ಬೀಗದ ಕೈ ಗೊಂಚಲು ಬೇಕಿಲ್ಲ. ಬೇಕಾದ ಒಂದು ಕೈಯನ್ನು ಕರ್ನೆಲ್ಲಿನ ಸೊಂಟಕ್ಕೇ ಸಿಕ್ಕಿಸಿ ಕಳಿಸಿದರಾಯಿತು.

ಮನೆಯ ಅನೇಕ ವೈಫೈ ರೂಟರುಗಳು ಲಿನಕ್ಸ್ ಮೇಲೆ ನಡೆಯುತ್ತವೆ. ಅವುಗಳಲ್ಲಿ ಫ್ಲಾಶ್ ಚಿಪ್ ಬದಲಾಗುವುದಿಲ್ಲ, ಡ್ರೈವರೂ ಬದಲಾಗುವುದಿಲ್ಲ. ಹಾಗಾಗಿ ಕರ್ನೆಲ್ ನೇರವಾಗಿ ತನ್ನ ಫೈಲ್‌ಸಿಸ್ಟಮ್ ತೆರೆಯಬಹುದು.

2012ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೋಡಿರುತ್ತೀರಿ. ಎಸ್‌ಡಿ ಕಾರ್ಡಿನ ಡ್ರೈವರ್ ಮತ್ತು ಫೈಲ್‌ಸಿಸ್ಟಮ್ ಓದುವ ಭಾಗ ಎರಡೂ ಅದರ ಕರ್ನೆಲ್ಲಿನೊಳಗೇ ಇರುತ್ತವೆ. ವರ್ಷಗಟ್ಟಲೆ ಅದು ಇನಿಟ್‌ರಾಮ್ ಇಲ್ಲದೆಯೇ ಶುರುವಾಗುತ್ತಿತ್ತು. 2023ರ ಅಕ್ಟೋಬರಿನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಇನಿಟ್‌ರಾಮ್ ಅನ್ನು ತಾನಾಗಿಯೇ ತೆಗೆದುಕೊಳ್ಳುವ ಸೆಟಿಂಗ್ ಅದರಲ್ಲಿ ಬರುತ್ತಿದೆ.

ನಿಮ್ಮ ಫೋನೂ ಈ ದಾರಿಯಲ್ಲಿ ಹೋಗಿ ವಾಪಸ್ ಬಂದಿದೆ

ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನೆಲ್ಲೇ. ಮೊದಮೊದಲ ಆಂಡ್ರಾಯ್ಡ್ ಫೋನುಗಳು ರಾಮ್‌ಡಿಸ್ಕ್ ಎಂಬ ಹೆಸರಿನಲ್ಲಿ ಇನಿಟ್‌ರಾಮ್ ಬಳಸುತ್ತಿದ್ದವು. 2016ರಲ್ಲಿ ಗೂಗಲ್ ತನ್ನ ಮೊದಲ ಪಿಕ್ಸೆಲ್ ಫೋನಿನಲ್ಲಿ ಬೇರೆ ದಾರಿ ಹಿಡಿಯಿತು. ಫೋನ್ ಮಾಮೂಲಾಗಿ ಆನ್ ಆಗುವಾಗ ಬೂಟ್‌ಲೋಡರ್ "ರಾಮ್‌ಡಿಸ್ಕನ್ನು ಬಿಟ್ಟು ಮುಂದೆ ಹೋಗು" ಎಂದು ಕರ್ನೆಲ್ಲಿಗೆ ಹೇಳುತ್ತಿತ್ತು. ಕರ್ನೆಲ್ ನೇರವಾಗಿ ಸಿಸ್ಟಮ್ ಪಾರ್ಟಿಷನ್ನನ್ನೇ ರೂಟ್ ಆಗಿ ತೆರೆಯುತ್ತಿತ್ತು. ರಾಮ್‌ಡಿಸ್ಕ್ ಬಳಕೆಯಾಗುತ್ತಿದ್ದದ್ದು ಫೋನ್ ಕೆಟ್ಟಾಗ ಹೋಗುವ ರಿಕವರಿ ಮೋಡಿನಲ್ಲಿ ಮಾತ್ರ. 2018ರ ಆಂಡ್ರಾಯ್ಡ್ 9ರೊಂದಿಗೆ ಮಾರುಕಟ್ಟೆಗೆ ಬಂದ ಹೊಸ ಫೋನುಗಳೆಲ್ಲ ಸಿಸ್ಟಮ್ ಪಾರ್ಟಿಷನ್ನನ್ನು ರೂಟ್ ಆಗಿ ಬಳಸಬೇಕು ಎಂಬ ನಿಯಮ ಬಂತು.

ಮರುವರ್ಷವೇ ಚಿತ್ರ ಬದಲಾಯಿತು. 2019ರ ಆಂಡ್ರಾಯ್ಡ್ 10ರಲ್ಲಿ ಗಾತ್ರ ಬದಲಿಸಬಹುದಾದ ಡೈನಾಮಿಕ್ ಪಾರ್ಟಿಷನ್‌ಗಳು ಬಂದವು. "ಸೂಪರ್" ಎಂಬ ಒಂದೇ ದೊಡ್ಡ ಪಾರ್ಟಿಷನ್ನಿನೊಳಗೆ ಸಿಸ್ಟಮ್, ವೆಂಡರ್ ಮೊದಲಾದವನ್ನು ಜೋಡಿಸುವ ವಿಧಾನ ಇದು. ಯಾವುದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಓದಿ ಅರ್ಥ ಮಾಡಿಕೊಳ್ಳುವುದು ಕರ್ನೆಲ್ಲಿಗೆ ಬಾರದು. ಓದಲು ಒಂದು ಪ್ರೋಗ್ರಾಂ ಬೇಕು. ಆ ಪ್ರೋಗ್ರಾಂ ಇರಬೇಕಾದದ್ದು ಎಲ್ಲಿ? ಮತ್ತೆ ಪೆಟ್ಟಿಗೆಯ ಹೊರಗೆ, ಅಂದರೆ ರಾಮ್‌ಡಿಸ್ಕಿನಲ್ಲಿ. ಹೀಗೆ ಬಿಟ್ಟುಹೋಗಿದ್ದ ಇನಿಟ್‌ರಾಮ್ ಫೋನಿಗೆ ವಾಪಸ್ ಬಂತು. ಆಂಡ್ರಾಯ್ಡ್ 13ರೊಂದಿಗೆ ಬಂದ ಹೊಸ ಫೋನುಗಳಲ್ಲಿ ಅದಕ್ಕೆ "ಇನಿಟ್ ಬೂಟ್" ಎಂಬ ಪ್ರತ್ಯೇಕ ಪಾರ್ಟಿಷನ್ನೇ ಇದೆ.

ಇನಿಟ್‌ರಾಮ್ ಬೇಕೇ ಬೇಡವೇ ಎಂಬುದು ರುಚಿಯ ಪ್ರಶ್ನೆಯಲ್ಲ, ಹಳೆಯದು ಹೊಸದು ಎಂಬ ಪ್ರಶ್ನೆಯೂ ಅಲ್ಲ. ನಿಮ್ಮ ರೂಟ್ ಫೈಲ್‌ಸಿಸ್ಟಮ್ ಎಲ್ಲಿದೆ, ಅದನ್ನು ತೆರೆಯಲು ಏನೇನು ಬೇಕು ಎಂಬುದರ ಮೇಲೆ ಅದು ನಿಂತಿದೆ. ಕರ್ನೆಲ್ ಒಂದೇ ಅದನ್ನು ತೆರೆಯಬಲ್ಲದಾದರೆ ಇನಿಟ್‌ರಾಮ್ ಬೇಡ. ನಡುವೆ ಬೇರೆ ಕೆಲಸವಿದ್ದರೆ ಬೇಕು.

ತೆಗೆದರೆ ಎಷ್ಟು ಸಮಯ ಉಳಿಯುತ್ತದೆ?

ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. 2008ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಡೆದ ಲಿನಕ್ಸ್ ಪ್ಲಂಬರ್ಸ್ ಸಮಾವೇಶದಲ್ಲಿ ಇಂಟೆಲ್‌ನ ಅರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕೋಕ್ ಅವರು ಏಸಸ್ ಈ ಪಿಸಿ ಎಂಬ ಅಗ್ಗದ ಪುಟ್ಟ ಲ್ಯಾಪ್‌ಟಾಪ್ 5 ಸೆಕೆಂಡಿನಲ್ಲಿ ಶುರುವಾಗುವುದನ್ನು ತೋರಿಸಿದರು. ಅವರು ಸಮಯವನ್ನು ಮೊದಲೇ ಹಂಚಿಕೊಂಡಿದ್ದರು. ಕರ್ನೆಲ್ಲಿಗೆ 1 ಸೆಕೆಂಡ್, ಆರಂಭದ ಸೇವೆಗಳಿಗೆ 1, ಗ್ರಾಫಿಕ್ಸ್ ಪರದೆಗೆ 1, ಡೆಸ್ಕ್‌ಟಾಪಿಗೆ 2. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಇನಿಟ್‌ಆರ್‌ಡಿಗೆ ಜಾಗವಿರಲಿಲ್ಲ. ಒಳಗೆ ಏನೂ ಇಲ್ಲದಿದ್ದರೂ ಅದು ಅರ್ಧ ಸೆಕೆಂಡ್ ತಿನ್ನುತ್ತದೆ ಎಂದು ಅವರು ಅದನ್ನು ಕೈಬಿಟ್ಟು, ಬೇಕಾದ ಡ್ರೈವರುಗಳನ್ನು ಕರ್ನೆಲ್ಲಿನೊಳಗೇ ಸೇರಿಸಿದರು.

ಗಮನಿಸಿ: ಅರ್ಧ ಸೆಕೆಂಡ್. 1 ಸೆಕೆಂಡಿನಲ್ಲಿ ಕರ್ನೆಲ್ ಮುಗಿಸಬೇಕೆಂದವರಿಗೆ ಅದು ದೊಡ್ಡದು. ಲಾಗಿನ್ ಪರದೆಗೆ ಒಂದೂವರೆ ನಿಮಿಷ ಕಾಯುತ್ತಿರುವವರಿಗೆ ಅದು ಲೆಕ್ಕಕ್ಕೇ ಬರದು. ಇಂದಿನ ತುಂಬಿದ ಇನಿಟ್‌ರಾಮ್‌ಗಳು ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳಬಹುದು, ನಿಜ. ಆದರೆ ಕಂಪ್ಯೂಟರ್ ನಿಧಾನವಾಗಲು ಮುಖ್ಯ ಕಾರಣ ಸಾಮಾನ್ಯವಾಗಿ ಅದಲ್ಲ. ತಿರುಗುವ ಹಳೆಯ ಹಾರ್ಡ್ ಡಿಸ್ಕ್, ಶುರುವಿನಲ್ಲೇ ಏಳುವ ಹತ್ತಾರು ಸೇವೆಗಳು, ಸಿಗದ ನೆಟ್‌ವರ್ಕಿಗಾಗಿ ಕಾಯುವಿಕೆ, ಇವು ದೊಡ್ಡ ಕಳ್ಳರು.

ಊಹೆ ಬೇಡ, ಅಳೆದೇ ನೋಡಬಹುದು. ಉಬುಂಟು, ಮಿಂಟ್, ಫೆಡೋರಾಗಳ ಟರ್ಮಿನಲ್ಲಿನಲ್ಲಿ "ಸಿಸ್ಟಮ್‌ಡಿ-ಅನಲೈಜ್" ಎಂಬ ಆದೇಶ ಕೊಟ್ಟರೆ ಯಾವ ಹಂತಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ತೋರಿಸುತ್ತದೆ. ಅದರ ಮುಂದೆ "ಬ್ಲೇಮ್" ಎಂದು ಸೇರಿಸಿದರೆ ಯಾವ ಸೇವೆ ಹೆಚ್ಚು ಹೊತ್ತು ತಿಂದಿತು ಎಂಬ ಪಟ್ಟಿ ಬರುತ್ತದೆ. ಇವು ಬರೀ ಲೆಕ್ಕ ತೋರಿಸುತ್ತವೆ, ಏನನ್ನೂ ಬದಲಾಯಿಸುವುದಿಲ್ಲ.

ಸುಮ್ಮನೆ ಅಳಿಸಿದರೆ ಏನಾಗುತ್ತದೆ?

ಉಬುಂಟುವಿನಂತಹ ಲಿನಕ್ಸ್ ಎಲ್ಲ ಬಗೆಯ ಕಂಪ್ಯೂಟರುಗಳಿಗೂ ಹೊಂದಬೇಕು. ಆದ್ದರಿಂದ ಅದು ಡಿಸ್ಕ್ ಡ್ರೈವರುಗಳಲ್ಲಿ ಬಹಳಷ್ಟನ್ನು ಮಾಡ್ಯೂಲ್ ಆಗಿ ಇಟ್ಟು, ಇನಿಟ್‌ರಾಮ್ ಇದ್ದೇ ಇರುತ್ತದೆ ಎಂಬ ಭರವಸೆಯ ಮೇಲೆ ನಡೆಯುತ್ತದೆ. ಅದನ್ನು ಅಳಿಸಿದರೆ ಏನೇನು ಕೆಡಬಹುದು ನೋಡಿ.

ಒಂದು, ಡ್ರೈವರ್ ಇಲ್ಲದೆ ಕರ್ನೆಲ್ಲಿಗೆ ಡಿಸ್ಕೇ ಕಾಣುವುದಿಲ್ಲ. "ಕರ್ನೆಲ್ ಪ್ಯಾನಿಕ್" ಎಂದು ಶುರುವಾಗಿ, ರೂಟ್ ಫೈಲ್‌ಸಿಸ್ಟಮ್ ತೆರೆಯಲಾಗಲಿಲ್ಲ, "ಅನ್‌ನೋನ್ ಬ್ಲಾಕ್ 0,0" ಎನ್ನುವ ಸಾಲು ಪರದೆಯ ಮೇಲೆ ನಿಂತುಬಿಡುತ್ತದೆ. ಎರಡು ಸೊನ್ನೆಗಳ ಅರ್ಥ ಇಷ್ಟೇ: ಕರ್ನೆಲ್ಲಿಗೆ ಆ ಹೆಸರಿನ ಯಾವ ಡಿಸ್ಕೂ ಸಿಗಲಿಲ್ಲ.

ಎರಡು, ಡ್ರೈವರ್ ಕರ್ನೆಲ್ಲಿನೊಳಗೇ ಇದ್ದರೂ ವಿಳಾಸದ ತೊಂದರೆ ಬರಬಹುದು. ಗ್ರಬ್ ಸಾಮಾನ್ಯವಾಗಿ ರೂಟನ್ನು ಯುಯುಐಡಿ ಎಂಬ ಉದ್ದನೆಯ ಗುರುತಿನಿಂದ ಹೇಳುತ್ತದೆ. ಈ ಗುರುತು ಫೈಲ್‌ಸಿಸ್ಟಮ್ಮಿನ ಒಳಗೆ ಬರೆದಿರುತ್ತದೆ. ಅದನ್ನು ಹುಡುಕುವ ಕೆಲಸ ಇನಿಟ್‌ರಾಮ್‌ನದು, ಕರ್ನೆಲ್ ಮಾಡುವುದಿಲ್ಲ. ಪಾರ್ಟಿಷನ್ ಪಟ್ಟಿಯಲ್ಲಿ ಇರುವ ಪಾರ್ಟ್‌ಯುಯುಐಡಿ ಎಂಬ ಬೇರೆ ಗುರುತನ್ನು ಮಾತ್ರ ಕರ್ನೆಲ್ ಗುರುತಿಸಬಲ್ಲದು. ರಾಸ್ಪ್‌ಬೆರಿ ಪೈ ಬಳಸುವುದು ಈ ಎರಡನೆಯದನ್ನೇ.

ಮೂರು, ಡಿಸ್ಕನ್ನು ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದರೆ, ಶುರುವಿನಲ್ಲಿ ಆ ಪಾಸ್‌ವರ್ಡ್ ಕೇಳುವುದೇ ಇನಿಟ್‌ರಾಮ್. ಅದಿಲ್ಲದಿದ್ದರೆ ಕೇಳುವವರೇ ಇಲ್ಲ, ಬಾಗಿಲು ತೆರೆಯದು. ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ಎಲ್‌ವಿಎಂ ವ್ಯವಸ್ಥೆಗೂ ಇದೇ ಮಾತು.

ನಾಲ್ಕು, ಕಣ್ಣಿಗೆ ಕಾಣದ ನಷ್ಟ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾದದ್ದು ನೆನಪಿರಬಹುದು. ಇಂಥ ದೋಷಗಳಿಗೆ ಇಂಟೆಲ್, ಎಎಂಡಿ ಕಂಪನಿಗಳು ಮೈಕ್ರೊಕೋಡ್ ಎಂಬ ತಿದ್ದುಪಡಿ ಕೊಡುತ್ತವೆ. ಉಬುಂಟುವಿನಲ್ಲಿ ಅದು ಪ್ರತಿ ಸಲ ಪ್ರೊಸೆಸರಿಗೆ ತಲುಪುವುದು ಈ ಇನಿಟ್‌ರಾಮ್ ಫೈಲಿನ ಮೂಲಕ. ಕಂಪ್ಯೂಟರ್ ಹೇಗೋ ಶುರುವಾದರೂ ಈ ರಕ್ಷಣೆ ತಪ್ಪಿಹೋಗಬಹುದು. ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ.

ಪರದೆಯ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಎಂದು ಬಂದರೆ ಅದು ವೈರಸ್ಸೇ?

ಇನ್ನೊಂದು ತಪ್ಪು ಕಲ್ಪನೆ ಇದು. ಕರೆಂಟ್ ಹೋಗಿ ಕಂಪ್ಯೂಟರ್ ದಢಕ್ಕನೆ ಆಫ್ ಆದ ಮೇಲೆ ಕೆಲವೊಮ್ಮೆ ಕಪ್ಪು ಪರದೆಯ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಪದ ಮಾತ್ರ ಕಾಣಿಸಿಕೊಂಡು ಕರ್ಸರ್ ಮಿನುಗುತ್ತಿರುತ್ತದೆ. "ಇನಿಟ್‌ರಾಮ್‌ಎಫ್‌ಎಸ್ ಎರರ್ ಬಂದಿದೆ, ಅದನ್ನು ತೆಗೆದುಹಾಕಿ" ಎನ್ನುವ ಸಲಹೆ ಹುಟ್ಟುವುದು ಇಂಥ ಕಡೆ.

ನಿಜ ಏನೆಂದರೆ, ತಪ್ಪಾಗಿರುವುದು ಡಿಸ್ಕಿನ ಕಡೆ. ಫೈಲ್‌ಸಿಸ್ಟಮ್ಮಿನಲ್ಲಿ ಏನೋ ಏರುಪೇರಾಗಿದೆ ಅಥವಾ ಡಿಸ್ಕ್ ಸಿಕ್ಕಿಲ್ಲ. ಮುಂದೆ ಹೋಗಲಾಗದೆ ನಿಂತ ಇನಿಟ್‌ರಾಮ್, ತನ್ನ ಬಳಿ ಇರುವ ಸಲಕರಣೆಗಳನ್ನು ನಿಮ್ಮ ಕೈಗೆ ಕೊಟ್ಟು "ಏನು ಮಾಡಲಿ?" ಎಂದು ಕೇಳುತ್ತಿದೆ. ಸುದ್ದಿ ತಂದವನನ್ನೇ ಕಳ್ಳನೆಂದು ಹಿಡಿದಂತಾಯಿತು ಇದು. ಆ ಜಾಗದಲ್ಲಿ ಇನಿಟ್‌ರಾಮ್ ಇಲ್ಲದಿದ್ದರೆ ನಿಮಗೆ ಸಿಗುತ್ತಿದ್ದದ್ದು ಕರ್ನೆಲ್ ಪ್ಯಾನಿಕ್. ಅಲ್ಲಿ ಏನನ್ನೂ ಟೈಪ್ ಮಾಡಲೂ ಆಗದು.

ಇಂಥ ಹೊತ್ತಿನಲ್ಲಿ "ಎಕ್ಸಿಟ್" ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಯಾವ ಪಾರ್ಟಿಷನ್ನಿನಲ್ಲಿ ತೊಂದರೆ ಇದೆ ಎಂಬ ಸಂದೇಶ ಸಾಮಾನ್ಯವಾಗಿ ಮತ್ತೆ ಕಾಣಿಸುತ್ತದೆ. "ಎಫ್‌ಎಸ್‌ಸಿಕೆ" ಎಂಬ ಆದೇಶವನ್ನು ಆ ಪಾರ್ಟಿಷನ್ನಿನ ಮೇಲೆ ನಡೆಸಿದರೆ ಬಹಳ ಸಲ ಸರಿಹೋಗುತ್ತದೆ. ಆದರೆ ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ, ಅಥವಾ ಇದೇ ತೊಂದರೆ ಮತ್ತೆ ಮತ್ತೆ ಬರುತ್ತಿದ್ದರೆ, ರಿಪೇರಿಗೆ ಮೊದಲು ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಸಾಯುತ್ತಿರುವ ಡಿಸ್ಕಿನ ಮೇಲೆ ರಿಪೇರಿ ನಡೆಸಿದರೆ ಇದ್ದದ್ದೂ ಹೋಗಬಹುದು.

ಈಗಾಗಲೇ ಅಳಿಸಿಬಿಟ್ಟಿದ್ದರೆ?

ಮೊದಲನೆಯದಾಗಿ, ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಫೋಟೊಗಳು, ಫೈಲುಗಳು ಇದ್ದ ಜಾಗದಲ್ಲೇ ಇವೆ. ಕಳೆದುಹೋಗಿರುವುದು ಬೀಗದ ಕೈ ಮಾತ್ರ, ಪೆಟ್ಟಿಗೆಯೊಳಗಿನ ಒಡವೆಯಲ್ಲ.

ಕಂಪ್ಯೂಟರ್ ಶುರುವಾಗುವಾಗ ಗ್ರಬ್ ಮೆನುವಿನಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಎಂಬ ಸಾಲು ನೋಡಿ. ಅದರೊಳಗೆ ಹಳೆಯ ಕರ್ನೆಲ್ಲುಗಳ ಪಟ್ಟಿ ಇರುತ್ತದೆ. ಪ್ರತಿ ಕರ್ನೆಲ್ಲಿಗೂ ಅದರದೇ ಇನಿಟ್‌ರಾಮ್ ಫೈಲ್ ಇರುವುದರಿಂದ, ಅಳಿಸದೆ ಉಳಿದ ಒಂದರಿಂದ ಕಂಪ್ಯೂಟರ್ ಶುರುವಾಗಬಹುದು. ಶುರುವಾದರೆ "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್" ಎಂಬ ಆದೇಶದಿಂದ ಕಳೆದುಹೋದ ಫೈಲನ್ನು ಮತ್ತೆ ತಯಾರಿಸಬಹುದು. ಈ ಫೈಲನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಬೇಕಿಲ್ಲ. ಅದು ನಿಮ್ಮ ಕಂಪ್ಯೂಟರಿನಲ್ಲೇ ಕಟ್ಟುವ ಗಂಟು.

ಒಂದೂ ಉಳಿದಿಲ್ಲವೆಂದರೆ, ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಳಸಿದ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಆನ್ ಮಾಡಿ. "ಇನ್‌ಸ್ಟಾಲ್" ಒತ್ತದೆ "ಟ್ರೈ" ಎಂಬುದನ್ನು ಆರಿಸಿ. ಅಲ್ಲಿಂದ ನಿಮ್ಮ ಫೈಲುಗಳನ್ನು ಕಾಪಿ ಮಾಡಿಕೊಳ್ಳಬಹುದು. ತಿಳಿದವರು ಅಲ್ಲಿಂದಲೇ ಇನಿಟ್‌ರಾಮ್ ಅನ್ನೂ ಮತ್ತೆ ಕಟ್ಟಿಕೊಡುತ್ತಾರೆ. ಅಂಗಡಿಗೆ ಒಯ್ಯುವುದಾದರೆ "ಡೇಟಾ ಹೋಗಬಾರದು, ಬೂಟ್ ಮಾತ್ರ ಸರಿಮಾಡಿ" ಎಂದು ಮೊದಲೇ ಹೇಳಿ.

ಜಾಗ ತುಂಬಿದೆ ಎಂದು ಅಳಿಸುವುದಾದರೆ?

ಬೂಟ್ ಪಾರ್ಟಿಷನ್ ತುಂಬಿದೆ ಎಂಬ ಎಚ್ಚರಿಕೆ ಬಂದಾಗಲೂ ಜನ ಈ ಫೈಲುಗಳ ಮೇಲೆ ಕೈ ಹಾಕುತ್ತಾರೆ. ಒಂದೊಂದು ಫೈಲೂ ಕೆಲವು ಹತ್ತು ಎಂಬಿಯಿಂದ ನೂರು ಎಂಬಿಗೂ ಮೀರಿ ಇರಬಹುದು. ಹಳೆಯ ಕರ್ನೆಲ್ಲುಗಳು ಸೇರುತ್ತಾ ಹೋದಂತೆ ಜಾಗ ತುಂಬುತ್ತದೆ. ಆದರೆ ಕೈಯಿಂದ ಅಳಿಸುವುದು ಸರಿಯಾದ ದಾರಿಯಲ್ಲ. ಉಬುಂಟು, ಮಿಂಟ್‌ಗಳಲ್ಲಿ "ಆಪ್ಟ್ ಆಟೋರಿಮೂವ್" ಎಂಬ ಆದೇಶ ಬೇಡವಾದ ಹಳೆಯ ಕರ್ನೆಲ್ಲುಗಳನ್ನು, ಅವುಗಳ ಇನಿಟ್‌ರಾಮ್ ಸಮೇತ, ಲೆಕ್ಕ ಇಟ್ಟು ತೆಗೆಯುತ್ತದೆ. ಬಳಕೆಯಲ್ಲಿರುವುದನ್ನು ಮುಟ್ಟುವುದಿಲ್ಲ.

ಇನಿಟ್‌ರಾಮ್ ತೀರಾ ದೊಡ್ಡದು ಎನಿಸಿದರೆ ಅದನ್ನು ಚಿಕ್ಕದು ಮಾಡುವ ಸೆಟಿಂಗ್ ಕೂಡ ಇದೆ. ಸಿಗುವ ಹೆಚ್ಚಿನ ಡ್ರೈವರುಗಳನ್ನು ತುಂಬುವ ಬದಲು ಈ ಕಂಪ್ಯೂಟರಿಗೆ ಬೇಕಾದವನ್ನು ಮಾತ್ರ ತುಂಬು ಎಂದು ಹೇಳಬಹುದು. ಆಗ ಅದೇ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿದರೆ ಶುರುವಾಗದಿರಬಹುದು, ಅಷ್ಟು ನೆನಪಿರಲಿ.

ನಿಜಕ್ಕೂ ಇನಿಟ್‌ರಾಮ್ ಬೇಡ ಎನ್ನುವವರು ಏನು ಮಾಡುತ್ತಾರೆ?

ತಿಳಿದವರು ಫೈಲ್ ಅಳಿಸುವುದರಿಂದ ಶುರುಮಾಡುವುದಿಲ್ಲ. ಮೊದಲು ತಮ್ಮ ಡಿಸ್ಕ್ ಯಾವ ಬಗೆಯದು, ಫೈಲ್‌ಸಿಸ್ಟಮ್ ಯಾವುದು ಎಂದು ನೋಡಿಕೊಳ್ಳುತ್ತಾರೆ. ಆ ಎರಡರ ಡ್ರೈವರುಗಳನ್ನು ಮಾಡ್ಯೂಲ್ ಆಗಿ ಬಿಡದೆ ಒಳಗೇ ಸೇರಿಸಿ ಹೊಸ ಕರ್ನೆಲ್ ಕಟ್ಟುತ್ತಾರೆ. ಗ್ರಬ್‌ನಲ್ಲಿ ರೂಟಿನ ವಿಳಾಸವನ್ನು ಪಾರ್ಟ್‌ಯುಯುಐಡಿಗೆ ಬದಲಿಸುತ್ತಾರೆ. ಎಸ್‌ಡಿ ಕಾರ್ಡು, ಪೆನ್‌ಡ್ರೈವಿನಂತಹ ನಿಧಾನವಾಗಿ ಏಳುವ ಡಿಸ್ಕಾದರೆ "ಅದು ಸಿಗುವವರೆಗೆ ಕಾಯು" ಎಂದು ಕರ್ನೆಲ್ಲಿಗೆ ಹೇಳುತ್ತಾರೆ. ಮೈಕ್ರೊಕೋಡನ್ನೂ ಕರ್ನೆಲ್ಲಿನೊಳಗೇ ಸೇರಿಸುತ್ತಾರೆ. ಇಷ್ಟಾದ ಮೇಲೂ ಹಳೆಯ ಕರ್ನೆಲ್ ಮತ್ತು ಅದರ ಇನಿಟ್‌ರಾಮ್ ಅನ್ನು ಮೆನುವಿನಲ್ಲಿ ಉಳಿಸಿಕೊಂಡು, ಹೊಸದನ್ನು ಒಮ್ಮೆ ಓಡಿಸಿ ನೋಡುತ್ತಾರೆ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕಾದರೆ ಈ ಪ್ರಯತ್ನಕ್ಕೇ ಇಳಿಯುವುದಿಲ್ಲ.

ಕಲಿಯುವ ಆಸೆ ಇರುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಅಭ್ಯಾಸ. ಲಿನಕ್ಸ್ ಹೇಗೆ ಎದ್ದು ನಿಲ್ಲುತ್ತದೆ ಎಂಬುದು ಇದನ್ನು ಮಾಡಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅದನ್ನು ವರ್ಚುವಲ್ ಮಷಿನ್ನಿನಲ್ಲಿ ಅಥವಾ ಖಾಲಿ ಕಂಪ್ಯೂಟರಿನಲ್ಲಿ ಮಾಡಿ. ಮನೆಯವರ ಫೋಟೊಗಳಿರುವ ಲ್ಯಾಪ್‌ಟಾಪ್ ಅದಕ್ಕೆ ಬೇಡ.

ಬರೀ ವೇಗ ಬೇಕು ಎನ್ನುವವರಿಗೆ: ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಬೇಡದ ಸೇವೆಗಳನ್ನು ನಿಲ್ಲಿಸಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಫೋನ್ ಬಳಸುವವರಿಗೂ ಒಂದು ಮಾತು. ಫೋನಿನ ರಾಮ್‌ಡಿಸ್ಕನ್ನು ಯಾವ ಮಾಮೂಲು ಆಪ್ ಕೂಡ ಮುಟ್ಟಲಾಗದು. ಆದರೆ ಫೋನನ್ನು "ರೂಟ್" ಮಾಡುವ ಮ್ಯಾಜಿಸ್ಕ್‌ನಂತಹ ತಂತ್ರಾಂಶ ಬದಲಾಯಿಸುವುದು ಇದನ್ನೇ. ಯಾರೋ ಗುಂಪಿನಲ್ಲಿ ಹಂಚಿದ ಬೂಟ್ ಫೈಲನ್ನು ನಿಮ್ಮ ಫೋನಿಗೆ ಹಾಕಿದರೆ, ಅದು ಬೇರೆ ಮಾಡೆಲಿನದೋ ಬೇರೆ ಆವೃತ್ತಿಯದೋ ಆಗಿದ್ದರೆ, ಫೋನ್ ಲೋಗೊ ತೋರಿಸುತ್ತಾ ಅಲ್ಲೇ ಸುತ್ತುತ್ತಿರುತ್ತದೆ. ಬೂಟ್‌ಲೋಡರ್ ಅನ್‌ಲಾಕ್ ಮಾಡುವಾಗ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬುದೂ ಗೊತ್ತಿರಲಿ.

ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ

ಹೀಗೆ ಉತ್ತರಿಸಬಹುದು: "ಇನಿಟ್‌ರಾಮ್‌ಎಫ್‌ಎಸ್ ಕಸವೂ ಅಲ್ಲ, ವೈರಸ್ಸೂ ಅಲ್ಲ. ಡಿಸ್ಕ್ ತೆರೆಯುವ ಬೀಗದ ಕೈ ಅದರಲ್ಲಿದೆ. ಅದಿಲ್ಲದೆ ಲಿ­ನಕ್ಸ್ ನಡೆಸಬಹುದು, ಆದರೆ ಮೊದಲು ಬೀಗದ ಕೈಯನ್ನು ಕರ್ನೆಲ್ಲಿನೊಳಗೆ ಇಡಬೇಕು. ಸುಮ್ಮನೆ ಅಳಿಸಬೇಡಿ. ಅಳಿಸಿದ್ದರೆ ಫಾರ್ಮ್ಯಾಟ್ ಮಾಡಬೇಡಿ, ಫೈಲುಗಳು ಒಳಗೇ ಇವೆ."

ಇಷ್ಟನ್ನು ಫಾರ್ವರ್ಡ್ ಮಾಡಿದರೆ ಯಾರದೋ ಮನೆಯ ಫೋಟೊಗಳು ಉಳಿಯಬಹುದು.